ಬಾಣಂತಿಯ ತೊಟ್ಟುನೋವು

ಚೊಚ್ಚಲ ಬಾಣಂತಿಯರಲ್ಲಿ ಅನೇಕರು ಮೊದಲ ವಾರದಲ್ಲಿಯೇ ಮೊಲೆತೊಟ್ಟಿನ ಉರಿ, ಬಿರುಕುಗಳಿಂದ ಬಳಲಿ ಹಾಲೂಡಿಸಲು ಅಂಜುತ್ತಾರೆ. ‘ಎಲ್ಲರಿಗೂ ಹೀಗೆಯೇ, ಸಹಿಸಿಕೋ ಮಗಳೇ’ ಎಂದು ಮನೆಯ ಹಿರಿಯರು ಹೇಳುವುದುಂಟು. ಅದನ್ನು ಪೂರ್ತಿಯಾಗಿ ಒಪ್ಪಲಾಗದು. ಕೂಸು ಬಾಯಿಟ್ಟ ಕ್ಷಣದ ಸೆಳೆತ ಸಹಜ. ಕುಡಿಯುವಷ್ಟು ಹೊತ್ತೂ ನೋವು ಉಳಿದರೆ, ಬಹುತೇಕ ಅದು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿದೆಯೆಂದು ತಿಳಿಯಬೇಕು. ಕೂಸನ್ನು ಮೈಗೆ ಒತ್ತಿ ಹಿಡಿದು, ಅದು ಅಗಲವಾಗಿ ಬಾಯ್ದೆರೆದಾಗ ತೊಟ್ಟಿನ ಸುತ್ತಲಿನ ಕಪ್ಪುಭಾಗವೂ, ಅದರಲ್ಲಿಯೂ ಕೆಳಬದಿ, ಬಾಯೊಳಗೆ ಸೇರುವಂತೆ ಮಾಡಬೇಕು; ಗದ್ದ ಎದೆಗೆ ತಾಗಿರಲಿ. ಹಿಡಿತ ತಪ್ಪಿದರೆ ಎಳೆಯಬಾರದು. ತುಟಿಯಂಚಿನಲ್ಲಿ ಶುಚಿಯಾದ ಕಿರುಬೆರಳಿಟ್ಟು ಬಿಡಿಸಿ, ಮತ್ತೆ ಹಿಡಿಸಬೇಕು. ತೊಟ್ಟಿಗೆ ಸಾಬೂನು ಬೇಡ. ಎದೆಹಾಲಿನದೇ ಎರಡು ಹನಿ ಸವರಿ ಗಾಳಿಗೆ ಆರಲು ಬಿಡಬಹುದು. ನೋವಿಗಂಜಿ ಕುಡಿಸುವುದನ್ನು ನಿಲ್ಲಿಸಿದರೆ ಹಾಲು ಕಟ್ಟಿಕೊಳ್ಳುತ್ತದೆ. ಎದೆ ಕೆಂಪೇರಿ, ಗಟ್ಟಿಯಾಗಿ, ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಬೇಕು.