ಅಂಗೈಯೊಳಗಿನ ಅಂಗಡಿ: ಕೊಳ್ಳುವ ನಮ್ಮವರು ಅರಿತಿರಬೇಕಾದ ಕೆಲವು ಸಂಗತಿಗಳು

ವಿಜಯವಾಡದ ಗಾಂಧಿನಗರದ ಕಡೆ ಉಡುಪಿ ಹೋಟೆಲೊಂದರಲ್ಲಿ ಕೆಲಸಕ್ಕಿರುವ, ಕುಂದಾಪುರ ಸೀಮೆಯ ತರುಣನೊಬ್ಬನ ಕಥೆಯಿಂದ ಈ ಬರಹವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ. ಅವನ ಹೆಸರು ಇಲ್ಲಿ ಬೇಡ. ದಸರೆಗೆ ಊರಿನಲ್ಲಿರುವ ತಾಯಿಗೆ ಒಂದು ಮಂಗಳಗಿರಿ ಸೀರೆ ಕಳುಹಿಸಬೇಕೆಂಬುದು ಅವನ ಬಹುದಿನದ ಆಸೆ. ಇಂದ್ರಕೀಲಾದ್ರಿಗೆ ಜನ ಹರಿದುಬರುವ ಆ ದಿನಗಳಲ್ಲಿ ಹೋಟೆಲಿನವರಿಗೆ ಬಿಡುವೆಂಬುದು ಕನಸಿನ ಮಾತು. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಮಲಗುವಾಗ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು: ನೇಕಾರರಿಂದ ನೇರವಾಗಿ, ಮೂರು ಸಾವಿರದ ಸೀರೆ 799 ರೂಪಾಯಿಗೆ, ಈ ರಾತ್ರಿ ಮಾತ್ರ. ಕೂಡಲೆ ಹಣ ಕಳುಹಿಸಿದ. ವಾರದ ಮೇಲೆ ಬಂದ ಪೊಟ್ಟಣದಲ್ಲಿದ್ದುದು ಮಸಿಬಟ್ಟೆಗೂ ಒದಗದ ಪಾಲಿಯೆಸ್ಟರಿನ ಒಂದು ತುಂಡು.

ಮಂಗಳಗಿರಿಯೆಂದರೆ ವಿಜಯವಾಡದಿಂದ ಹನ್ನೆರಡು-ಹದಿಮೂರು ಕಿಲೋಮೀಟರು. ಪಂಡಿತ ನೆಹರೂ ಬಸ್ಸು ನಿಲ್ದಾಣದಿಂದ ಬಸ್ಸು ಹಿಡಿದರೆ ಮಗ್ಗದ ಸದ್ದು ಕೇಳುವಷ್ಟು ಹತ್ತಿರ ಹೋಗಬಹುದು. ಹಾಗೆಂದು ಆ ಹುಡುಗನನ್ನು ನೋಡಿ ನಗುವುದು ಸಲ್ಲದು. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹೊತ್ತಿಸುವವನಿಗೆ ಹನ್ನೆರಡು ಕಿಲೋಮೀಟರೂ ಒಂದೇ, ಹನ್ನೆರಡು ಯೋಜನವೂ ಒಂದೇ. ಅಂಗಡಿಗಳು ತೆರೆದಿರುವ ಹೊತ್ತೆಲ್ಲ ನಮ್ಮವರ ದುಡಿಮೆಯ ಹೊತ್ತು. ಫೋನಿನ ಅಂಗಡಿ ಅವರ ಪಾಲಿಗೆ ಶೋಕಿಯಲ್ಲ, ಅಗತ್ಯ.

ಕಥೆ ಅಲ್ಲಿಗೇ ನಿಂತಿದ್ದರೆ ನಷ್ಟ 799 ರೂಪಾಯಿ. ಆದರೆ ಹಣ ಹಿಂದಕ್ಕೆ ಪಡೆಯಬೇಕೆಂದು ಅವನು ಆ ಅಂಗಡಿಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿದ. ಮೊದಲು ಸಿಕ್ಕಿದ ಸಂಖ್ಯೆಗೆ ಕರೆ ಮಾಡಿದ. ಆ ಕಡೆಯವನು ಊರು ಯಾವುದೆಂದು ವಿಚಾರಿಸಿ, “ಕುಂದಾಪುರದವರಾ? ನಾನೂ ಕನ್ನಡದವನೇ ಅಲ್ವಾ ಅಣ್ಣ, ನಿಮ್ಮ ದುಡ್ಡು ಎಲ್ಲಿಗೆ ಹೋಗ್ತದೆ?” ಎಂದನಂತೆ. ಪರಭಾಷೆಯ ಊರಿನಲ್ಲಿ ನಾಲ್ಕು ವರ್ಷ ಕಳೆದವನಿಗೆ ಆ ಮಾತು ಕೇಳಿ ಕಿವಿ ತಂಪಾಯಿತು. ಹೇಳಿದ ಆ್ಯಪ್ ಒಂದನ್ನು ಇಳಿಸಿಕೊಂಡ. ಅದು ನಮ್ಮ ಫೋನಿನ ಪರದೆಯನ್ನು ದೂರದಲ್ಲಿರುವವನಿಗೆ ತೋರಿಸುವ ಸಾಧನ. ಹಣ ವಾಪಸು ಬರಲು ಪಿನ್ ಒತ್ತಬೇಕೆಂದರು, ಒತ್ತಿದ. ಊರಿನ ಮನೆಗೆ ಹಂಚು ಹೊದೆಸಲೆಂದು ಕೂಡಿಟ್ಟಿದ್ದ 41,500 ರೂಪಾಯಿ ಹೋಯಿತು.

ಇನ್ನು ಮುಂದಿನದು ನನಗೆ ಹೆಚ್ಚು ವ್ಯಥೆ ತಂದ ಭಾಗ. ಆರು ದಿನ ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಜೊತೆಯವರು ನಗುತ್ತಾರೆ, ಧಣಿಗಳು ಬಯ್ಯುತ್ತಾರೆ, ಪೊಲೀಸರ ಮುಂದೆ ತನ್ನ ಅರೆಬರೆ ತೆಲುಗಿನಲ್ಲಿ ಏನೆಂದು ಹೇಳುವುದು? ಏಳನೆಯ ದಿನ ಗಲ್ಲೆಯಲ್ಲಿ ಕುಳಿತಿರುವ ಹಿರಿಯರೊಬ್ಬರು ಅವನ ಮುಖ ನೋಡಿ ಕೇಳಿದ ಮೇಲೆಯೇ ವಿಷಯ ಹೊರಬಿದ್ದುದು.

ನಮ್ಮ ಹಿರಿಯರಿಗೆ ವಿ.ಪಿ.ಪಿ. ಮೋಸ ನೆನಪಿರಬಹುದು. 1877ರಲ್ಲಿ ಅಂಚೆ ಇಲಾಖೆ ಆರಂಭಿಸಿದ ಆ ಸೌಕರ್ಯವನ್ನು ಬಳಸಿಕೊಂಡು, ಪತ್ರಿಕೆಯ ಮೂಲೆಯಲ್ಲಿ ಅಂಕೆಗಳ ಒಗಟು ಅಚ್ಚುಮಾಡಿಸಿ, ಬಿಡಿಸಿದವರಿಗೆಲ್ಲ ರೇಡಿಯೋ ಬಹುಮಾನವೆಂದು ಬರೆದು, ಹಣ ತೆತ್ತು ಬಿಡಿಸಿಕೊಂಡ ಪಾರ್ಸೆಲಿನೊಳಗೆ ಇಟ್ಟಿಗೆಯ ಚೂರಿಟ್ಟ ಚತುರರು ಆಗಲೂ ಇದ್ದರು. ಆಸೆ ಅದೇ, ಆತುರ ಅದೇ. ಆದರೆ ಆಗ ಹಣ ಅಂಚೆಯ ಕಾಲುನಡಿಗೆಯಲ್ಲಿ ಹೋಗುತ್ತಿತ್ತು. ಈಗ ಒಂದು ಸಲದ ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಾಲ್ಕು ಬ್ಯಾಂಕುಗಳ ನಾಲ್ಕು ಖಾತೆಗಳನ್ನು ದಾಟಿಬಿಡುತ್ತದೆ.

ಆದಕಾರಣ 1930 ಎಂಬ ಸಂಖ್ಯೆಯನ್ನು ನಮ್ಮವರು ಬಾಯಿಪಾಠ ಮಾಡಿಕೊಳ್ಳಬೇಕು. ಇದು ಕೇಂದ್ರ ಗೃಹ ಮಂತ್ರಾಲಯದ ವ್ಯವಸ್ಥೆಯಡಿ ಇಡೀ ದೇಶಕ್ಕಿರುವ ಸಹಾಯವಾಣಿ. ಕರೆ ಮಾಡಿದವನ ದೂರು ದಾಖಲಾದೊಡನೆ, ಹಣ ಯಾವ ಬ್ಯಾಂಕಿಗೆ ಹೋಯಿತೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲಿಯೇ ಇದ್ದರೆ ತಡೆಹಿಡಿಯುತ್ತಾರೆ; ಮುಂದಿನ ಬ್ಯಾಂಕಿಗೆ ಹಾರಿದ್ದರೆ ಸೂಚನೆಯೂ ಅದರ ಬೆನ್ನಟ್ಟುತ್ತದೆ. ಹಣ ನಗದಾಗಿ ಹೊರಗೆ ಬಿದ್ದಮೇಲೆ ಬೆನ್ನಟ್ಟಲು ಏನೂ ಉಳಿಯದು. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಹಣ ಹೋದ ದಿನ ಮತ್ತು ವೇಳೆ, ವ್ಯವಹಾರದ 12 ಅಂಕೆಗಳ ಸಂಖ್ಯೆ ಕೈಯಲ್ಲಿರಲಿ. ಜೊತೆಗೆ ಸ್ವಂತ ಬ್ಯಾಂಕಿಗೂ ತಿಳಿಸತಕ್ಕದ್ದು; ಅದರ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕದೆ ಪಾಸುಪುಸ್ತಕದಿಂದಲೋ ಕಾರ್ಡಿನ ಬೆನ್ನಿನಿಂದಲೋ ತೆಗೆದುಕೊಳ್ಳಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಒಂದು ತತ್ತ್ವವನ್ನು ಗೊತ್ತುಮಾಡಿತು: ತಾನಾಗಿ ಗುಟ್ಟಿನ ಸಂಖ್ಯೆ ಬಿಟ್ಟುಕೊಟ್ಟವನೂ ಬ್ಯಾಂಕಿಗೆ ತಿಳಿಸಿದ ಗಳಿಗೆಯಿಂದಾಚೆಗಿನ ನಷ್ಟಕ್ಕೆ ಹೊಣೆಯಲ್ಲ. ತಿಳಿಸುವ ತನಕದ್ದು ಮಾತ್ರ ಅವನ ತಲೆಗೆ. ಮೌನಕ್ಕೆ ತೆರುವ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುವುದು.

ತೆಲುಗು ಬಾರದೆಂಬ ಅಂಜಿಕೆಗೂ ಕಾರಣವಿಲ್ಲ. ಸರಕಾರದ ಸೈಬರ್ ಅಪರಾಧ ತಾಣದಲ್ಲಿ ಬರವಣಿಗೆಯ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು. ತೆಲುಗು ಬಲ್ಲ ಗುಮಾಸ್ತ ಮಹಾಶಯರು ಇಂಥ ವೇಳೆಯಲ್ಲಿ ಮಾಣಿಯೊಬ್ಬನ ಜೊತೆಗೆ ಒಂದು ಗಂಟೆ ಹೋಗಿಬಂದರೆ ಅದು ದೊಡ್ಡ ಉಪಕಾರ.

ವಿಶಾಖಪಟ್ಟಣದ ನಮ್ಮವರು ಎದುರಿಸುವ ಮೋಸದ ವೇಷ ಸ್ವಲ್ಪ ಬೇರೆ. ಅದು ನೌಕಾದಳದ ಪೂರ್ವ ಕಮಾಂಡಿನ ಕೇಂದ್ರ. ಸಮವಸ್ತ್ರದವರನ್ನು ದಿನವೂ ನೋಡುವ ಊರು. ಆದ್ದರಿಂದ “ನಾನು ಸೇನೆಯವನು, ವರ್ಗವಾಗಿದೆ, ಸ್ಕೂಟರನ್ನು ಅರ್ಧ ಬೆಲೆಗೆ ಕೊಡುತ್ತೇನೆ” ಎಂಬ ಸುಳ್ಳು ಅಲ್ಲಿ ನಿಜದಂತೆಯೇ ಕೇಳಿಸುತ್ತದೆ. ಗುರುತಿನ ಚೀಟಿಯ ಚಿತ್ರವೂ ಬರುತ್ತದೆ. ಮೊದಲು ಸಾಗಾಣಿಕೆಯ ಹಣ, ಬಳಿಕ ಗೇಟು ಪಾಸಿನದು, ಆಮೇಲೆ ತೆರಿಗೆ. ಎಲ್ಲವೂ ವಾಪಸು ಬರುವ ಹಣವೆಂದು ನಂಬಿಸುತ್ತಾರೆ. ಸ್ಕೂಟರು ಮಾತ್ರ ಬಾರದು. ಇದೇ ವೇಷಧಾರಿಗಳು ಹೋಟೆಲಿಗೂ ಕರೆ ಮಾಡಿ ಐವತ್ತು ಊಟಕ್ಕೆ ಹೇಳುತ್ತಾರೆ. ಊಟ ಕಟ್ಟಿಟ್ಟ ಮೇಲೆ, ಸೇನೆಯ ಲೆಕ್ಕದ ಪದ್ಧತಿಯೆಂದು ಒಂದು ಕ್ಯೂಆರ್ ಚೌಕ ಕಳುಹಿಸಿ ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಲು ಒತ್ತಾಯಿಸುತ್ತಾರೆ. ಯುಪಿಐ ಪಿನ್ ಎಂಬುದು ಹಣ ಕೊಡುವುದಕ್ಕೆ ಮಾತ್ರ. ಪಡೆಯುವುದಕ್ಕೆ ಅದು ಎಂದಿಗೂ ಬೇಕಾಗಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದರು. ಆದರೆ ಕ್ಯೂಆರ್ ಚೌಕದ ದಾರಿ ತೆರೆದೇ ಇದೆ. ಗಲ್ಲೆಯ ಮೇಲೆ ಕೂರುವವರು ಇದನ್ನು ಮರೆಯಬಾರದು.

ಕನ್ನಡದಲ್ಲಿ ಮಾತಾಡಿದನೆಂಬ ಕಾರಣಕ್ಕೆ ನಮ್ಮ ಹುಡುಗ ಕರಗಿದನಷ್ಟೆ. ಅದರ ಬಗ್ಗೆ ಒಂದು ಮಾತು. 2024ರ ಮೇ ತಿಂಗಳಲ್ಲಿ ವಿಶಾಖಪಟ್ಟಣದ ಪೊಲೀಸರು ಒಂದು ಜಾಲವನ್ನು ಬಯಲಿಗೆಳೆದರು. ಒಳ್ಳೆಯ ನೌಕರಿಯ ಆಸೆ ತೋರಿಸಿ ಆ ಪ್ರಾಂತದ ತರುಣರನ್ನು ಕಾಂಬೋಡಿಯಾಕ್ಕೆ ಸಾಗಿಸಿ, ಅಲ್ಲಿ ಕೂಡಿಹಾಕಿ, ಸ್ವದೇಶದವರಿಗೇ ಕರೆಮಾಡಿ ಮೋಸಮಾಡುವ ಕೆಲಸಕ್ಕೆ ಹಚ್ಚುತ್ತಿದ್ದರು. ಮನೆಭಾಷೆಯ ದನಿ ಎಲ್ಲಿಂದ ಬರುತ್ತಿದೆಯೋ, ಯಾರ ಬೆದರಿಕೆಗೆ ಅಂಜಿ ಬರುತ್ತಿದೆಯೋ ಬಲ್ಲವರಾರು? ನಾಡಿನಿಂದ ದೂರವಿರುವ ನಮಗೆ ನಮ್ಮ ನುಡಿಯ ಮೇಲಿನ ಪ್ರೀತಿ ಹೆಚ್ಚು. ಅದು ನಮ್ಮ ಗುಣವೇ ಸರಿ, ಆದರೆ ಮೋಸಗಾರನಿಗೂ ಅದು ಗೊತ್ತು.

ಇದೆಲ್ಲ ಕಳ್ಳರ ಮಾತಾಯಿತು. ನಿಜವಾದ ಅಂಗಡಿಯೇ ಕೆಟ್ಟ ಸರಕು ಕಳುಹಿಸಿದರೆ ದಾರಿ ಬೇರೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಅಂಗಡಿ ತನ್ನ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರಗಳನ್ನು ಪ್ರಕಟಿಸತಕ್ಕದ್ದು. ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸತಕ್ಕದ್ದು. ಈ ವಿವರಗಳು ಕಾಣದ ಅಂಗಡಿಗೆ ಮುಂಗಡ ಹಣ ಕೊಡದಿರುವುದೇ ಲೇಸು. ಪರಿಹಾರ ದೊರೆಯದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಮುಂದೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾನೂನು ಒಂದು ಉಪಕಾರ ಮಾಡಿದೆ: ಅಂಗಡಿ ದಿಲ್ಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕೊಂಡವನು ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಹೂಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಮೊದಲು ಹೇಳಿದ ತರುಣನ ದೂರು ಏಳನೆಯ ದಿನ ದಾಖಲಾಯಿತು. ಅವನ ಹಣ ಹಾದುಹೋದ ಮೂರನೆಯ ಖಾತೆಯೊಂದರಲ್ಲಿ ಉಳಿದಿದ್ದ 2,300 ರೂಪಾಯಿಯನ್ನು ತಡೆಹಿಡಿದಿದ್ದಾರೆ. ಅದು ಇನ್ನೂ ಕೈಸೇರಬೇಕು. ಗಲ್ಲೆಯ ಹಿರಿಯರು ಕ್ಯಾಲೆಂಡರಿನ ಪಕ್ಕದ ಗೋಡೆಯ ಮೇಲೆ 1930 ಎಂದು ದೊಡ್ಡದಾಗಿ ಬರೆದಿಟ್ಟಿದ್ದಾರೆ. ತಾಯಿಗೆ ಸೀರೆ ಇನ್ನೂ ಹೋಗಿಲ್ಲ.