ಅರಣಿ: ಬೆಂಕಿ ಹತ್ತೋದು ಕೋಲಿಗಲ್ಲ, ಪುಡಿಗೆ

ಅರಣಿ ಕಡೆಯೋಕೆ ತೋಳಲ್ಲಿ ಶಕ್ತಿ ಇದ್ರೆ ಸಾಕಾ ಅಂತ ಹಲವರು ಕೇಳಿದ್ರಿ. ಸಾಲದು. ಕೆಳಗೆ ಅರಳಿಮರದ ಹಲಗೆ, ಅದರ ಗುಳಿಯಲ್ಲಿ ನಿಂತ ಕೋಲು, ಕೋಲಿಗೆ ಸುತ್ತಿದ ಹಗ್ಗ. ಒಬ್ಬರು ಮೇಲಿಂದ ಒತ್ತಿ ಹಿಡೀಬೇಕು, ಇನ್ನೊಬ್ಬರು ಮೊಸರು ಕಡೆದ ಹಾಗೆ ಹಗ್ಗ ಎಳೀಬೇಕು. 1975ರಲ್ಲಿ ಕೇರಳದ ಪಾಂಜಾಳ್‌ನಲ್ಲಿ ನಡೆದ ಅಗ್ನಿಚಯನಕ್ಕೂ ಬೆಂಕಿ ತಂದಿದ್ದು ಅರಣಿ ಕಡೆದೇ.

ಉಜ್ಜಿದಾಗ ಮರ ಸವೆದು ಪುಡಿ ಉದುರುತ್ತೆ. ಬಿಸಿ ಹಿಡಿದಿಟ್ಟುಕೊಳ್ಳೋದು ಆ ಪುಡಿಯ ಗುಪ್ಪೆ. ಹಾಗಾಗಿ ನಾನು ನೋಡೋದು ಅದರ ಬಣ್ಣಾನೇ. ಕಂದು ಇದ್ರೆ ಬಿಸಿ ಇನ್ನೂ ಸಾಲದು. ಕಪ್ಪಾಗಿ, ಎಳೆಯೋದು ನಿಲ್ಲಿಸಿದ ಮೇಲೂ ಪುಡಿಯಿಂದ ಹೊಗೆ ಏಳ್ತಿದ್ರೆ ಒಳಗೆ ಕೆಂಡ ಹುಟ್ಟಿದೆ. ಆಗ ಆತುರ ಬೇಡ. ಒಣಗಿದ ತೆಂಗಿನ ನಾರಿಗೆ ಮೆಲ್ಲಗೆ ಇಳಿಸಿ, ಊದಿ.

ಮುಂಬೈ ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಮರದ ತೇವ ಆರಿಸೋಕೇ ಬಿಸಿಯೆಲ್ಲ ಖರ್ಚಾಗುತ್ತೆ. ಮತ್ತೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ.