ತೂಕ ಬೇರೆ, ತ್ರಾಣ ಬೇರೆ

ವಯಸ್ಸಾದ ಹೆಂಗಸರ ಬಗ್ಗೆ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಮೈ ಬಂದಿದೆ, ಕೂತರೆ ಏಳೋಕಾಗಲ್ಲ’ ಎಂಬುದು ಒಂದು. ‘ಕಡ್ಡಿಯ ಹಾಗಿದ್ದಾರೆ, ಆದರೂ ಗಟ್ಟಿ’ ಎಂಬುದು ಇನ್ನೊಂದು. ಆಸ್ಪತ್ರೆಯಲ್ಲಿ ಈ ಕಣ್ಣಂದಾಜು ನಡೆಯದು. ಅಲ್ಲಿ ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಒಂದು ಅಂಕಿ ಬರೆದುಕೊಳ್ಳುತ್ತಾರೆ.

ಈ ಸೂತ್ರ ಹುಟ್ಟಿದ್ದು ವೈದ್ಯರಿಂದಲ್ಲ. ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕೆಟ್ಲೆ 19ನೇ ಶತಮಾನದ ಮೊದಲರ್ಧದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಿದ್ದಾಗ ಇದು ಸಿಕ್ಕಿತು. ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಲೇಖನದಿಂದ. ಅವರು ಪರೀಕ್ಷಿಸಿದ್ದು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು, ಎಲ್ಲರೂ ಗಂಡಸರೇ! ಇಂದು ಅಜ್ಜಿಯರನ್ನು ಅಳೆಯುವುದೂ ಅದೇ ಮೊಳಕೋಲಿನಿಂದ.

ದೇಹದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಹೊಟ್ಟೆಯ ಸುತ್ತ ಕೊಬ್ಬು ಸೇರತೊಡಗುತ್ತದೆ, ವಯಸ್ಸಿನೊಂದಿಗೆ ಸ್ನಾಯು ಕರಗುತ್ತದೆ. ಹತ್ತು ವರ್ಷ ತೂಕ ಅಷ್ಟೇ ಇದ್ದರೂ ಒಳಗಿನ ಹೂರಣ ಬದಲಾಗಿರಬಹುದು. ಈ ಕರಗುವಿಕೆಗೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಗ್ರೀಕ್ ಪದಗಳಿಂದ ಸಾರ್ಕೊಪೀನಿಯಾ ಎಂಬ ಹೆಸರು ಕಟ್ಟಿದರು. ತೂಕ ಹೆಚ್ಚಿದ್ದು ಸ್ನಾಯು ಸೊರಗಿದ್ದರೆ ಮಂಡಿಗೆ ಹೊರೆ ಹೆಚ್ಚು, ಹೊರುವ ಬಲ ಕಡಿಮೆ.

ಹಾಗೆಂದು ತೂಕ ಇಳಿಸಲು ಒಪ್ಪೊತ್ತು ಉಣ್ಣುವುದು, ರಾತ್ರಿ ಬರೀ ಬಾಳೆಹಣ್ಣು ತಿಂದು ಮಲಗುವುದು ಜಾಣತನವಲ್ಲ. ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಬೇಳೆ, ಕಾಳು, ಹಾಲು, ಮೊಟ್ಟೆ ತಟ್ಟೆಯಲ್ಲಿರಬೇಕು. ಪ್ರಯತ್ನವಿಲ್ಲದೆಯೇ ತೂಕ ಇಳಿದು ಬಳೆ ಸಡಿಲವಾದರೆ ಸಂತೋಷಪಡುವ ಬದಲು ವೈದ್ಯರಿಗೆ ತೋರಿಸಬೇಕು.

ತ್ರಾಣವನ್ನು ಅಳೆಯಲು ಒಂದು ಕುರ್ಚಿ ಸಾಕು. ಕೈ ಊರದೆ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯುಬಲ ಕುಗ್ಗಿರಬಹುದು ಎಂದು 2019ರ ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮಣೆಯ ಮೇಲೆ ಕೂತು ಉಂಡು ಏಳುತ್ತಿದ್ದ ಮನೆಗಳಲ್ಲಿ ಈ ಪರೀಕ್ಷೆ ದಿನಕ್ಕೆರಡು ಬಾರಿ ತಾನಾಗಿಯೇ ನಡೆಯುತ್ತಿತ್ತು. ಒರಳು, ಬೀಸುಕಲ್ಲಿನ ಕಾಲದ ಹೆಂಗಸರು ಗಟ್ಟಿ ಎಂದು ಹೊಗಳುವುದುಂಟು. ಆ ದುಡಿಮೆ ಅವರ ಸೊಂಟ ಮುರಿದದ್ದನ್ನು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದವರೂ ಅವರೇ ಎಂಬುದನ್ನು ಹೊಗಳುವವರು ಮರೆಯುತ್ತಾರೆ.

ಕಳೆದ ಬಲ ಮರಳುತ್ತದೆಯೇ? ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿ ದುರ್ಬಲರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ತೊಡೆಯ ಸ್ನಾಯು ಬೆಳೆದದ್ದು ಶೇ 9ರಷ್ಟು ಮಾತ್ರ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ನರಗಳು ಕಲಿತಿದ್ದವು. ಅಭ್ಯಾಸ ನಿಲ್ಲಿಸಿದ ಮೇಲೆ ಬಲ ಮತ್ತೆ ಇಳಿಯತೊಡಗಿತು.